ಚಾರಿಟಬಲ್ ಟ್ರಸ್ಟ್‌ನ ಕಮಿಟಿ ಯಾರಿಗೆ ಎಷ್ಟು ಕೊಡಬೇಕೆಂದು ಹೇಗೆ ತೀರ್ಮಾನಿಸುತ್ತದೆ?

ನಮ್ಮ ದೇಶದಲ್ಲಿ ಲೆಕ್ಕ ಶುರುವಾಗುವುದೇ ತೆರಿಗೆ ಕಾನೂನಿನಿಂದ. ನೋಂದಾಯಿತ ಟ್ರಸ್ಟ್ ವರ್ಷದ ಆದಾಯದ 85% ಭಾಗವನ್ನು ಮಾರ್ಚ್ 31ರೊಳಗೆ ತನ್ನ ಉದ್ದೇಶಕ್ಕೆ ಬಳಸಬೇಕು. ಇಲ್ಲದಿದ್ದರೆ ಕೊರತೆಗೆ ತೆರಿಗೆ ಬೀಳಬಹುದು. ಹಾಗಾಗಿ ಕಮಿಟಿ ಮೊದಲು ಹಿಂದೆ ಒಪ್ಪಿಕೊಂಡ ನೆರವಿನ ಕಂತುಗಳಿಗೆ ದುಡ್ಡು ತೆಗೆದಿಡುತ್ತದೆ. ಉಳಿದದ್ದು ಹೊಸ ಅರ್ಜಿಗಳಿಗೆ.

ಇಲ್ಲೊಂದು ಗಂಟಿದೆ. 2023ರ ತಿದ್ದುಪಡಿಯ ನಂತರ ಇನ್ನೊಂದು ಟ್ರಸ್ಟಿಗೆ 10 ಲಕ್ಷ ಕೊಟ್ಟರೆ ಈ 85%ರ ಲೆಕ್ಕಕ್ಕೆ ಸಿಗುವುದು ಎಂಟೂವರೆ ಲಕ್ಷ ಮಾತ್ರ. ಬಡ ಮಕ್ಕಳಿಗೆ ನೇರವಾಗಿ ಸ್ಕಾಲರ್‌ಶಿಪ್ ಕೊಟ್ಟರೆ ಈ ಕಡಿತವಿಲ್ಲ.

ಅರ್ಜಿಯಲ್ಲಿ ನೋಂದಣಿ, ಆಡಿಟ್ ರಿಪೋರ್ಟ್ ನೋಡುತ್ತಾರೆ. ಅರ್ಜಿದಾರರಿಗೆ ಬೇಕಾದವರು ಕಮಿಟಿಯಲ್ಲಿದ್ದರೆ ಅವರು ಆ ಚರ್ಚೆಯಿಂದ ಎದ್ದು ಹೋಗಬೇಕು, ಅಲ್ವಾ? ಹಣ ಸಾಮಾನ್ಯವಾಗಿ ಕಂತಿನಲ್ಲೇ ಹೋಗುತ್ತದೆ. ಮೊದಲ ಕಂತಿನ ಬಿಲ್ಲು ಬಂದ ಮೇಲೆ ಎರಡನೆಯದು. ಫೋಟೋ ಜಾಸ್ತಿ, ಬಿಲ್ಲು ಕಮ್ಮಿ ಇದ್ದರೆ ನಾನಂತೂ ತಡೆಹಿಡಿಯಿರಿ ಅಂತಲೇ ಹೇಳುತ್ತೇನೆ.