ಹಳೆಯ ಮಿಕ್ಸರ್ ಗುಂಯ್ ಅನ್ನುತ್ತಿದೆ, ಐಸಿ ಎಲ್ಲ ಬದಲಿಸಲೇ?

ಪ್ರಶ್ನೆ: ಮದ್ದೂರಿನ ಹತ್ತಿರ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. 16 ಚಾನೆಲ್‌ನ ಹಳೆಯ ಅನಲಾಗ್ ಮಿಕ್ಸರ್ ಇದೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಹಾಕಿದಾಗ, ದನಿ ಏರಿಳಿಸುವ ಫೇಡರ್ ಎಲ್ಲ ಇಳಿಸಿದರೂ ಗುಂಯ್ ಅನ್ನುತ್ತದೆ. ಅಂಗಡಿಯಲ್ಲಿ ಅಷ್ಟು ಕೇಳಿಸುವುದಿಲ್ಲ. ಐದನೇ ಚಾನೆಲ್‌ನಲ್ಲಿ ದನಿ ಒಡೆಯುತ್ತದೆ. ಫೇಡರ್‌ಗಳ ಕರಕರ ಸ್ಪ್ರೇ ಹೊಡೆದರೆ ನಾಲ್ಕು ದಿನ ನಿಂತು ಮತ್ತೆ ಶುರುವಾಗುತ್ತದೆ. ಒಳಗೆ ದನಿ ಹಿಗ್ಗಿಸುವ ಟಿಎಲ್072 ಐಸಿಗಳನ್ನೆಲ್ಲ ತೆಗೆದು, ಅದೇ ಕೆಲಸದ 5532 ಐಸಿ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ಬೇಡ. ಮೂರು ತೊಂದರೆಗೂ ಮೂರು ಬೇರೆ ಮೂಲ ಇರುವಂತಿದೆ. ಐಸಿಯನ್ನು ಅನುಮಾನಿಸುವುದು ಕೊನೆಗೆ.

ಮೊದಲು ಗುಂಯ್. ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್‌ಗಳನ್ನೆಲ್ಲ ಕಿತ್ತು, ಮಿಕ್ಸರ್‌ನ ಹೆಡ್‌ಫೋನ್‌ನಲ್ಲಿ ಕೇಳಿ. ಸದ್ದು ನಿಂತರೆ ತಪ್ಪು ಹೊರಗಿನ ವೈರಿಂಗ್ ಅಥವಾ ಅರ್ಥಿಂಗ್‌ನದು. ನಿಲ್ಲದಿದ್ದರೆ ಪವರ್ ಸಪ್ಲೈ ನೋಡಬೇಕು. ಅಂಗಡಿಯಲ್ಲಿ ಸುಮ್ಮನಿದ್ದು ಹಳ್ಳಿಯಲ್ಲಿ ಕೂಗುವುದಕ್ಕೆ ಒಂದು ಸರಳ ಕಾರಣ ಇರುತ್ತದೆ. ಏರಿಳಿತವಿಲ್ಲದ 15 ವೋಲ್ಟ್ ಕೊಡುವ 7815 ರೆಗ್ಯುಲೇಟರ್‌ಗೆ ಒಳಗೆ ಬರುವ ಡಿಸಿ ಕನಿಷ್ಠ 17 ವೋಲ್ಟ್ ಇರಬೇಕು. ಲೈನ್ 230 ಇದ್ದಾಗ ಅಲ್ಲಿಗೆ 20 ವೋಲ್ಟ್ ಬರುತ್ತಿದ್ದರೆ, ಪಂಪ್‌ಸೆಟ್‌ಗಳು ಓಡುವಾಗ ಲೈನ್ 180ಕ್ಕೆ ಇಳಿದರೆ ಅದು 15.6 ಆಗುತ್ತದೆ. ಆಗ ರೆಗ್ಯುಲೇಟರ್ ಕೈಬಿಡುತ್ತದೆ, ಏರಿಳಿತವೆಲ್ಲ ನೇರ ಸ್ಪೀಕರ್‌ಗೆ. ಆ ಹೊತ್ತಿಗೆ ಲೈನ್ ಅಳೆದು ನೋಡಿ. ಕಡಿಮೆ ಇದ್ದರೆ ಒಳ್ಳೆಯ ಸ್ಟೆಬಿಲೈಜರ್ ಸಾಕು.

ಲೈನ್ ಸರಿಯಿದ್ದೂ ಸದ್ದು ಬಂದರೆ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಎಂದುಕೊಳ್ಳಿ. ಪ್ಲಗ್ ಕಿತ್ತು, 1 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನಿಂದ ಅದರ ಚಾರ್ಜ್ ಇಳಿಸಿ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, ಶಾಖದ ಗುರುತು 105 ಡಿಗ್ರಿ. ರೆಗ್ಯುಲೇಟರ್‌ನ ಔಟ್‌ಪುಟ್‌ನಲ್ಲಿ ಎಸಿ ಅಳೆದರೆ ಕೆಲವೇ ಮಿಲಿವೋಲ್ಟ್ ಬರಬೇಕು. ಅಗ್ಗದ ಮೀಟರ್ ಎಸಿ ರೇಂಜ್‌ನಲ್ಲೂ ಡಿಸಿಯನ್ನೇ ತೋರಿಸಿ ಗಾಬರಿ ಹುಟ್ಟಿಸುತ್ತದೆ, ಪ್ರೋಬ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ ಅಳೆಯಿರಿ. ಸದ್ದು ಚೂಪಾಗಿ ಬಜ್ ಎಂದರೆ ಬಹುತೇಕ ಫಿಲ್ಟರ್‌ನ 100 ಹರ್ಟ್ಜ್. ದಪ್ಪಗೆ ಹೂಂ ಎನ್ನುವ 50 ಹರ್ಟ್ಜ್ ಆದರೆ ಬ್ರಿಡ್ಜ್‌ನ (ಎಸಿಯನ್ನು ಡಿಸಿ ಮಾಡುವ ಭಾಗ) ಒಂದು ಡಯೋಡ್ ಹೋಗಿರಬಹುದು, ಕೇಬಲ್ ಹೊದಿಕೆಯ ಶೀಲ್ಡ್ ಬಿಟ್ಟಿರಬಹುದು.

ಐದನೇ ಚಾನೆಲ್‌ಗೆ ಬನ್ನಿ. ಅದೇ ಮೈಕು, ಅದೇ ಕೇಬಲ್ ಆರಕ್ಕೆ ಹಾಕಿ. ಅಲ್ಲಿ ಚೆನ್ನಾಗಿದ್ದರೆ ಐದರ ಹಿಂಬದಿಯಲ್ಲಿ ಹೊರಗಿನ ಎಫೆಕ್ಟ್ ಯಂತ್ರ ಸೇರಿಸಲು ಇರುವ ಇನ್ಸರ್ಟ್ ಜಾಕ್‌ಗೆ ಟಿಪ್ (ತುದಿ) ಮತ್ತು ರಿಂಗ್ (ನಡುವಿನ ಉಂಗುರ) ಒಂದಕ್ಕೊಂದು ಸೇರಿಸಿ ಬೆಸುಗೆ ಹಾಕಿದ ಸ್ಟಿರಿಯೊ ಪ್ಲಗ್ ತುರುಕಿ. ದನಿ ತಿಳಿಯಾದರೆ ಜಾಕ್‌ನ ಒಳಗಿನ ಸ್ವಿಚ್ ಕಪ್ಪಾಗಿದೆ ಎಂದರ್ಥ. ಹಳೆಯ ಮಿಕ್ಸರ್‌ಗಳಲ್ಲಿ ದನಿ ಒಡೆಯುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಕಡಿಮೆ, ಆದರೂ ಎಲ್ಲರೂ ಇದನ್ನು ಕೊನೆಗೆ ನೋಡುತ್ತಾರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆದರೆ ಸಾಕಾಗಬಹುದು. ಇಲ್ಲದಿದ್ದರೆ ಜಾಕ್ ಬದಲಿಸಿ.

ಅದೂ ಅಲ್ಲವೆಂದರೆ ಮಾತ್ರ ಐಸಿ. ಟಿಎಲ್072ನಂಥ ಎಂಟು ಕಾಲಿನ ಐಸಿ, ಅಂದರೆ ಜೋಡಿ ಆಪ್‌ಆಂಪ್‌ನಲ್ಲಿ 8ನೇ ಕಾಲು ಪ್ಲಸ್, 4ನೇದು ಮೈನಸ್, 1 ಮತ್ತು 7 ಔಟ್‌ಪುಟ್. ಔಟ್‌ಪುಟ್‌ನಲ್ಲಿ ಡಿಸಿ ಸೊನ್ನೆಯ ಆಸುಪಾಸು ಇರಬೇಕು. ಹತ್ತಾರು ಮಿಲಿವೋಲ್ಟ್ ಚಿಂತೆಯಿಲ್ಲ, ವೋಲ್ಟ್‌ಗಟ್ಟಲೆ ಇದ್ದರೆ ತಪ್ಪು ಅಲ್ಲಿದೆ. ಕಿತ್ತು ಎಸೆಯುವ ಮುನ್ನ 4 ಮತ್ತು 8ಕ್ಕೆ ಎರಡೂ ಸಪ್ಲೈ ಬರುತ್ತಿದೆಯೇ ನೋಡಿ. ಕೆಲವು ಮಿಕ್ಸರ್‌ಗಳಲ್ಲಿ ಚಾನೆಲ್‌ಗೊಂದು 10–22 ಓಮ್ ರೆಸಿಸ್ಟರ್ ಸಪ್ಲೈ ದಾರಿಯಲ್ಲಿರುತ್ತದೆ. ಅದು ಸುಟ್ಟರೆ ಅಲೆಯ ಅರ್ಧ ಕತ್ತರಿಸಿ ಹೋಗುತ್ತದೆ.

ಫೇಡರ್ ಕರಕರ ಎಲ್ಲ ಸಲ ಕೊಳೆಯಲ್ಲ. ಫೇಡರ್‌ನ ಮೇಲ್ತುದಿ ಮತ್ತು ಗ್ರೌಂಡ್ ನಡುವೆ ಡಿಸಿ ಅಳೆಯಿರಿ. ಹತ್ತಾರು ಮಿಲಿವೋಲ್ಟ್ ಸಿಕ್ಕರೆ ಅದರ ಹಿಂದೆ ಡಿಸಿ ತಡೆದು ದನಿಯನ್ನಷ್ಟೇ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಎಷ್ಟು ಸ್ಪ್ರೇ ಹೊಡೆದರೂ ಪ್ರಯೋಜನವಿಲ್ಲ. ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ಹೊಡೆಯಬೇಡಿ, ಗ್ರೀಸ್ ತೊಳೆದು ಹೋಗಿ ಕಾರ್ಬನ್ ಪಟ್ಟಿ ಸವೆಯುತ್ತದೆ. ಫೇಡರ್‌ಗೆಂದೇ ಬರುವುದನ್ನು ಎರಡು ಹನಿ ಬಿಡಿ.

5532 ಏಕೆ ಬೇಡವೆಂದರೆ: ಟಿಎಲ್072 ಸುಮಾರು 3 ಮಿಲಿಆಂಪ್ ಎಳೆದರೆ ಇದು 8 ಎಳೆಯುತ್ತದೆ. ಐವತ್ತು ಐಸಿಗೆ ಕಾಲು ಆಂಪಿಯರ್ ಹೆಚ್ಚುವರಿ ಹೊರೆ, ಅದೂ ಈಗಾಗಲೇ ಸೋತ ಸಪ್ಲೈಗೆ. ಅಲ್ಲದೆ ಇದರ ಇನ್‌ಪುಟ್ ಕರೆಂಟ್ ಹೆಚ್ಚು. ಅದು ಪಾಟ್ (ತಿರುಗುಗುಂಡಿ, ಫೇಡರ್) ಮೂಲಕ ಹರಿಯುವ ಸರ್ಕ್ಯೂಟ್‌ಗಳಲ್ಲಿ ಕರಕರ ಇನ್ನೂ ಜಾಸ್ತಿಯಾಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಭರತನಾಟ್ಯ ಕಾರ್ಯಕ್ರಮಗಳಿಗೆ ಲ್ಯಾಪ್‌ಟಾಪ್‌ನಿಂದ ಹಾಡು ಹಾಕುತ್ತೇವೆ. ಚಾರ್ಜರ್ ಹಾಕಿದ ತಕ್ಷಣ ಮಿಕ್ಸರ್‌ನಲ್ಲಿ ಜೀಂ ಎನ್ನುತ್ತದೆ.

ಉತ್ತರ: ಮಿಕ್ಸರ್ ಸರಿಯಾಗಿಯೇ ಇದೆ. ಚಾರ್ಜರ್ ಕಿತ್ತಾಗ ನಿಂತರೆ ಅದು ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಆಗಿ ಸುತ್ತು ಏರ್ಪಡುವುದು) ಅಥವಾ ಚಾರ್ಜರ್‌ನದೇ ಸದ್ದು. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ನೇರ ವೈರ್ ಸಂಪರ್ಕ ತಪ್ಪಿಸಿ ಸಿಗ್ನಲ್ ದಾಟಿಸುವ ಪೆಟ್ಟಿಗೆ) ಎರಡರ ನಡುವೆ ಹಾಕಿ. ಅರ್ಥ್ ಪಿನ್ ಮುರಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಮೈಕ್ ಹಿಡಿದವರ ಜೀವಕ್ಕೆ ಅಪಾಯ. ಇನ್ನೊಂದು: ಸ್ಟಿರಿಯೊ ಪ್ಲಗ್ಗನ್ನು ನೇರ ಒಂದೇ ಚಾನೆಲ್‌ನ ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ ಬ್ಯಾಲೆನ್ಸ್ಡ್ ಲೈನ್‌ಗೆ ಚುಚ್ಚಿದರೆ ಎಡ ಬಲ ಒಂದನ್ನೊಂದು ಕಳೆದು ಹಾಡುವವರ ದನಿಯೇ ಮಾಯವಾಗುತ್ತದೆ. ಎರಡು ಚಾನೆಲ್‌ಗೆ ಬೇರೆ ಮಾಡಿ ಕೊಡಿ.