ಆಪ್ತಸಲಹೆ ಪ್ರಕರಣ: ‘ಸುಮ್ಮಸುಮ್ಮನೆ ಕಚ್ಚಿದ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು ವಸತಿ ಕೇಂದ್ರವೊಂದರಲ್ಲಿ ಆರೈಕೆಯ ಕೆಲಸ ಮಾಡುವ ಯುವತಿ. ಅವರು ನೋಡಿಕೊಳ್ಳುವವರಲ್ಲಿ ಆಟಿಸಂ ಮತ್ತು ಬೌದ್ಧಿಕ ಅಸಮರ್ಥತೆ ಎರಡೂ ಇರುವ ಯುವಕನೊಬ್ಬನಿದ್ದಾನೆ. ಆಡುವುದು ನಾಲ್ಕಾರು ಪದ, ಉಳಿದದ್ದಕ್ಕೆಲ್ಲ ಚಿತ್ರದ ಕಾರ್ಡು. ಅವನು ಎರಡು ಸಲ ಇವರ ಮುಂಗೈ ಕಚ್ಚಿದ್ದ. “ಬೇಕಂತಲೇ ಮಾಡ್ತಾನೆ ಮೇಡಂ. ಬೇರೆಯವರ ಹತ್ರ ಚೆನ್ನಾಗೇ ಇರ್ತಾನೆ, ನನ್ನ ಕಂಡ್ರೆ ಮಾತ್ರ ಆಗಲ್ಲ” ಎಂದರು. ಕೆಲಸ ಬಿಡಲೋ ಬೇಡವೋ ಎಂಬುದು ಅವರ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವ ಮೊದಲು, ವ್ಯವಸ್ಥಾಪಕರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿದ ಘಟನೆ ದಾಖಲೆ ತರಿಸಿ ನೋಡಲಾಯಿತು. ಯಾರಿಗೆ ಪೆಟ್ಟಾಯಿತು, ಎಷ್ಟು ಹೊತ್ತು ನಡೆಯಿತು, ಯಾರು ಹಿಡಿದರು ಎಂಬುದೆಲ್ಲ ಚೆನ್ನಾಗಿ ಬರೆದಿತ್ತು. ‘ಅದಕ್ಕೂ ಮುಂಚೆ’ ಎಂಬ ಅಂಕಣದಲ್ಲಿ ಮಾತ್ರ ಸಾಲುಸಾಲಾಗಿ ‘ಸುಮ್ಮಸುಮ್ಮನೆ’. ಈ ಕ್ಷೇತ್ರದ ದಾಖಲೆಗಳಲ್ಲಿ ಇದು ಮಾಮೂಲಿ. ಗಲಾಟೆಯ ಲೆಕ್ಕ ಪಕ್ಕಾ ಇರುತ್ತದೆ, ಅದರ ಹಿಂದಿನ ಅರ್ಧ ಗಂಟೆಯನ್ನು ಯಾರೂ ನೋಡಿರುವುದಿಲ್ಲ.

ಎರಡು ವಾರ ಬೇರೆ ರೀತಿ ಬರೆಯಲು ಹೇಳಲಾಯಿತು: ಗಂಟೆ, ಜಾಗ, ಹಿಂದಿನ ಅರ್ಧ ಗಂಟೆಯಲ್ಲಿ ನಡೆದದ್ದು, ಆಡಿದ ಮಾತು, ಆಮೇಲೆ ಅವನಿಗೆ ಸಿಕ್ಕಿದ್ದು ಅಥವಾ ತಪ್ಪಿದ್ದು. ಜೊತೆಗೆ ನಿದ್ದೆ, ಊಟ, ಮಲವಿಸರ್ಜನೆ. ಶಾಂತವಾಗಿದ್ದ ಹೊತ್ತನ್ನೂ ಗುರುತಿಸಬೇಕು, ಹೋಲಿಸಲು ಅದೇ ಆಧಾರ.

ಹಾಳೆಗಳು ಬಂದಾಗ ಎರಡು ಸಂಗತಿ ಕಂಡವು. ಹೆಚ್ಚಿನ ಘಟನೆಗಳು ಮಧ್ಯಾಹ್ನ ಊಟವಾದ ಅರ್ಧ ಗಂಟೆಯೊಳಗಿನವು. ಆ ಹೊತ್ತಿನ ಪಾಳಿ ಈ ಯುವತಿಯದೇ. ‘ನನ್ನ ಕಂಡ್ರೆ ಆಗಲ್ಲ’ ಎಂಬ ನಂಬಿಕೆಯ ಮೂಲ ಇಷ್ಟೆ. ಎರಡನೆಯದು ಮಲವಿಸರ್ಜನೆಯ ಅಂಕಣ. ನಾಲ್ಕೈದು ದಿನ ಖಾಲಿ, ನಡುನಡುವೆ ‘ಚಡ್ಡಿಯಲ್ಲಿ ಸ್ವಲ್ಪ ಭೇದಿ’. ಸಿಬ್ಬಂದಿ ಅದನ್ನು ಹಠ ಎಂದುಕೊಂಡಿದ್ದರು.

ಗಟ್ಟಿ ಮಲ ಅಡ್ಡ ನಿಂತಾಗ ಅದರ ಪಕ್ಕದಿಂದ ನೀರುಮಲ ಸೋರುತ್ತದೆ. ಭೇದಿಯಂತೆ ಕಾಣುವ ಇದು ಕೆಲವೊಮ್ಮೆ ತೀವ್ರ ಮಲಬದ್ಧತೆಯ ಲಕ್ಷಣ. ಇದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಷ್ಟ ಇಮ್ಮಡಿ. ಊಟ ಹೊಟ್ಟೆಗೆ ಹೋದೊಡನೆ ದೊಡ್ಡ ಕರುಳು ಚುರುಕಾಗುವುದರಿಂದ ನುಲಿತ ಏಳುವುದೂ ಆಗಲೇ. ಅದೇ ಹೊತ್ತಿಗೆ ‘ತಟ್ಟೆ ತೊಳಿ, ಕೂತ್ಕೋ, ಕೆಲಸ ಮಾಡು’ ಎಂಬ ಸೂಚನೆಗಳು. ಹೊಟ್ಟೆನೋವು ಎಂಬ ಕಾರ್ಡೇ ಅವನ ಕಟ್ಟಿನಲ್ಲಿರಲಿಲ್ಲ. ಇದರ ಮೇಲೆ, ಮೊದಲ ಸಲ ಕಚ್ಚಿದ ಬಳಿಕ ಅವನ ಆಂಟಿಸೈಕೋಟಿಕ್ (ತೀವ್ರ ಮನೋರೋಗಕ್ಕೂ ಕೆರಳಿಕೆಗೂ ಕೊಡುವ) ಮಾತ್ರೆಯ ಪ್ರಮಾಣ ಹೆಚ್ಚಾಗಿತ್ತು. ಇಂಥ ಔಷಧಗಳಲ್ಲಿ ಹಲವು ಮಲಬದ್ಧತೆ ತರುತ್ತವೆ. ಸಿಟ್ಟಿಗೆಂದು ಕೊಟ್ಟ ಮಾತ್ರೆಯೇ ಸಿಟ್ಟಿನ ಕಾರಣವನ್ನು ಬೆಳೆಸುತ್ತಿರಬಹುದಿತ್ತು.

ರೋಗನಿರ್ಣಯ ಆಪ್ತಸಲಹೆಯ ಕೆಲಸವಲ್ಲ. ಹಾಗಾಗಿ ಯುವಕನನ್ನು ಹಾಳೆಗಳೊಂದಿಗೆ ವೈದ್ಯರ ಬಳಿ ಕಳಿಸಲಾಯಿತು, ಮನೋವೈದ್ಯರಿಗೂ ಒಂದು ಪ್ರತಿ ಹೋಯಿತು. ಮಾತ್ರೆಯ ಪ್ರಮಾಣವನ್ನು ಸಿಬ್ಬಂದಿ ತಾವಾಗಿ ಇಳಿಸಬಾರದು ಎಂದು ಒತ್ತಿ ಹೇಳಲಾಯಿತು. ಮಾತು ಬಾರದವರಲ್ಲಿ ವರ್ತನೆ ದಿಢೀರನೆ ಬದಲಾದರೆ ಹಲ್ಲು, ಕಿವಿ, ಹೊಟ್ಟೆ, ಮೂತ್ರದ ಸೋಂಕು, ಮೂರ್ಛೆರೋಗ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು – ಇಷ್ಟನ್ನು ನೋಡಿದ ಮೇಲೆಯೇ ‘ವರ್ತನೆಯ ಸಮಸ್ಯೆ’ ಎನ್ನಬೇಕು. ನೋವನ್ನು ಅಳೆಯಲು ಫ್ಲ್ಯಾಕ್ ಮಾಪಕ ಬಳಸಬಹುದು. ಮುಖ, ಕಾಲು, ಮೈಚಲನೆ, ಅಳು, ಸಮಾಧಾನಕ್ಕೆ ಒಗ್ಗುವುದು – ಈ 5 ಅಂಶಗಳಿಗೆ 0ರಿಂದ 2ರವರೆಗೆ ಅಂಕ, ಒಟ್ಟು 10. ಇದು ಪುಟ್ಟ ಮಕ್ಕಳಿಗೆಂದು ಮಾಡಿದ್ದು. ಈ ವ್ಯಕ್ತಿ ನೋವಿದ್ದಾಗ ಮಾಡುವುದೇನು ಎಂದು ಅವನನ್ನು ಬಲ್ಲವರಿಂದ ಕೇಳಿ ಸೇರಿಸಿಕೊಳ್ಳಬೇಕು.

ಕೆರಳಿದ ಹೊತ್ತಿಗೆ ಕೊಟ್ಟ ಸಲಹೆ ಹೀಗಿತ್ತು. ಮಾತಾಡುವವರು ಒಬ್ಬರೇ. ಉಳಿದವರು ಬೇರೆ ನಿವಾಸಿಗಳನ್ನು ಹೊರಗೆ ಕರೆದೊಯ್ಯಲಿ. ಎರಡು ಮೂರು ಪದದ ಒಂದು ಮಾತು, ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಮೌನ. ಅಷ್ಟರಲ್ಲೇ ಮತ್ತೆ ಹೇಳಿದರೆ ಅದು ಅವನಿಗೆ ಹೊಸ ಸೂಚನೆ. ಎದುರಿಗೆ ನಿಲ್ಲದೆ ಓರೆಯಾಗಿ, ಕೈಗೆ ಸಿಗದಷ್ಟು ದೂರ. ಬಾಗಿಲು ಇಬ್ಬರಿಗೂ ತೆರೆದಿರಲಿ. ಹಿಂದಿನಿಂದ ಮುಟ್ಟಕೂಡದು. ತಲೆ ಚಚ್ಚಿಕೊಂಡರೆ ನಡುವೆ ದಿಂಬು ಹಿಡಿಯಬೇಕು. ಬೋರಲು ಕೆಡವಿ ಹಿಡಿಯುವುದು, ಬೆನ್ನು, ಎದೆ, ಕುತ್ತಿಗೆಯ ಮೇಲೆ ಭಾರ ಹಾಕುವುದು ಸುತರಾಂ ಬೇಡ. ಉಸಿರುಗಟ್ಟಿ ಜೀವ ಹೋದ ಪ್ರಸಂಗಗಳಿವೆ, ಅವನಿಗೆ ಹೇಳಿಕೊಳ್ಳಲೂ ಬಾರದು.

ಕಚ್ಚಿದಾಗ ಕೈ ಎಳೆದುಕೊಳ್ಳುವುದು ಸಹಜ, ಆದರೆ ಚರ್ಮ ಹರಿಯುವುದು ಆ ಎಳೆತಕ್ಕೇ. ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಿ ಹಿಡಿದರೆ ದವಡೆ ಸಡಿಲಾಗುತ್ತದೆ. ಅವನ ಮೂಗು ಮುಚ್ಚಬಾರದು. ಕೂದಲು ಹಿಡಿದಾಗಲೂ ಅಷ್ಟೆ, ಅವನ ಮುಷ್ಟಿಯನ್ನು ನಮ್ಮ ತಲೆಗೇ ಒತ್ತಿಕೊಳ್ಳಬೇಕು. ಇವನ್ನೆಲ್ಲ ತರಬೇತುದಾರರ ಮುಂದೆ ಅಭ್ಯಾಸ ಮಾಡಿರಬೇಕು, ಓದಿ ಕಲಿಯುವುದಲ್ಲ. ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರಿಗೆ ತೋರಿಸಬೇಕು. ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆಯ ವಿಚಾರ ಕೇಳಬೇಕು. ಈ ಯುವತಿ ಎರಡು ಸಲವೂ ಬರೀ ಬ್ಯಾಂಡೇಜು ಸುತ್ತಿಕೊಂಡಿದ್ದರು.

ಅಬ್ಬರ ಇಳಿದ ಮೇಲೂ ಮೈಯ ಕಾವು ಆರಲು ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಆ ಹೊತ್ತಿನಲ್ಲಿ ಬುದ್ಧಿ ಹೇಳುವುದು, ಸಾರಿ ಹೇಳಿಸುವುದು, ಬಿದ್ದದ್ದನ್ನು ಎತ್ತಿಸುವುದು ಎರಡನೇ ಸುತ್ತಿಗೆ ಕರೆ. ನೀರು ಕೊಟ್ಟು ಸುಮ್ಮನಿರಬೇಕು.

ಈ ಯುವತಿಗೆ ಅವನು ಕೈಯೆತ್ತಿದರೆ ಸಾಕು, ಮೈ ನಡುಗುತ್ತಿತ್ತು, ನಿದ್ದೆಯೂ ಕೆಟ್ಟಿತ್ತು. ಎಂಟು ದಿನ ಊಟದ ಪಾಳಿಯಿಂದ ಬಿಡುವು ಕೇಳುವಂತೆ ಹೇಳಲಾಯಿತು. ಆಮೇಲೆ ಸಹೋದ್ಯೋಗಿ ಕೋಣೆಯಲ್ಲಿರುವಾಗ ಐದು ನಿಮಿಷ, ಅವನಿಗಿಷ್ಟವಾದ ಚಟುವಟಿಕೆ, ಯಾವ ಸೂಚನೆಯೂ ಇಲ್ಲದೆ. ಧೈರ್ಯ ಬಂದಂತೆ ಹೊತ್ತು ಹೆಚ್ಚಿಸುವುದು. ತಿಂಗಳು ಕಳೆದರೂ ಬೆಚ್ಚುವುದು, ಕೆಟ್ಟ ಕನಸು ನಿಲ್ಲದಿದ್ದರೆ ಮನಸ್ಸಿಗಾದ ಆಘಾತಕ್ಕೆ ಚಿಕಿತ್ಸೆ ಬೇಕು. ಊಟದ ಹೊತ್ತಿಗೆ ಒಬ್ಬರನ್ನೇ ಬಿಡುವುದು ವ್ಯವಸ್ಥಾಪಕರ ಹೊಣೆಗೇಡಿತನ. ಯುವತಿ ಒಪ್ಪಿದ್ದರಿಂದ ಅದನ್ನು ಅವರಿಗೆ ಬರವಣಿಗೆಯಲ್ಲೇ ತಿಳಿಸಲಾಯಿತು.

ವೈದ್ಯರು ಮಲಬದ್ಧತೆಗೆ ಚಿಕಿತ್ಸೆ ಕೊಟ್ಟರು. ಊಟವಾದ ಮೇಲೆ, ಪಾದದ ಕೆಳಗೆ ಮಣೆ ಇಟ್ಟು, ಹತ್ತು ನಿಮಿಷ ಶೌಚಾಲಯದಲ್ಲಿ ಕೂರಿಸುವುದು ರೂಢಿಯಾಯಿತು. ಹೊಟ್ಟೆನೋವಿನ ಕಾರ್ಡು ಕಟ್ಟಿಗೆ ಸೇರಿತು. ಮಧ್ಯಾಹ್ನ ಕಚ್ಚುವುದು ನಿಂತಿತು, ಯುವತಿ ಕೆಲಸದಲ್ಲಿ ಉಳಿದರು. ಸ್ನಾನದ ಹೊತ್ತಿನ ಕೂಗಾಟ ಮಾತ್ರ ಹಾಗೇ ಇದೆ. ಅದರ ಕಾರಣ ಬೇರೆಯಿರಬೇಕು. ನೀರಿನ ಸದ್ದು, ಬಿಸಿ, ಬಟ್ಟೆ ಬಿಚ್ಚಿಸುವ ಕ್ರಮ ಇವುಗಳ ಬಗ್ಗೆ ಹೊಸ ಹಾಳೆ ಬರೆಯಲು ಶುರುಮಾಡಿದ್ದಾರೆ.