ಪ್ರತಿಕ್ರಿಯೆ: ದಸರಾ ರಜೆಯಲ್ಲಿ ಚಿತ್ರ, ಸಂಗೀತ ಎಲ್ಲಿ?

ವಿರಾಜಪೇಟೆಯಿಂದ ಅಮ್ಮನನ್ನು ಕರೆದುಕೊಂಡು ದಸರಾ ರಜೆಯಲ್ಲಿ ಚಿತ್ರಕಲಾ ಪ್ರದರ್ಶನ, ಸಂಗೀತ ಕಛೇರಿ ಎರಡೂ ನೋಡಬೇಕು, ಮಡಿಕೇರಿ ಸಾಕಾ ಅಂತ ಕೇಳಿದ್ದೀರಿ. ಚಿತ್ರಗಳೂ ಬೇಕು ಅಂದ್ರೆ ಮೈಸೂರಿಗೇ ಹೋಗಿ. ಹಗಲು ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ. ರವಿವರ್ಮನ ಚಿತ್ರಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ಆದರೆ ಎಸ್.ಎಲ್. ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಮಾತ್ರ ಬಿಡಬೇಡಿ, ಅದು ಬರೀ ಜಲವರ್ಣ, ಆದರೂ ಆ ಬೆಳಕು ಬೆರಳುಗಳ ಸಂದಿಯಿಂದ ನಿಜವಾಗಿಯೂ ಹೊಳೆಯುತ್ತೆ! ಸಂಜೆ ದೊಡ್ಡ ಅರಮನೆ (ಅಂಬಾವಿಲಾಸ) ಮುಂದೆ ಕಛೇರಿ. ಬೇಗ ಹೋಗಿ ಮುಂದೆ ಕೂತ್ಕೊಳ್ಳಿ.

ಮಡಿಕೇರಿಯಲ್ಲಿ ಗಾಂಧಿ ಮೈದಾನದ ಸಂಜೆ ಕಾರ್ಯಕ್ರಮಗಳಿವೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು (ಅಲಂಕರಿಸಿದ ಸ್ತಬ್ಧಚಿತ್ರಗಳು) ಬೆಳಗಿನ ತನಕ ಮೆರವಣಿಗೆಯಲ್ಲಿ ಸಾಗುತ್ತವೆ, ಜನ ಜಾಸ್ತಿ, ಅಮ್ಮನಿಗೆ ನಿಲ್ಲೋದು ಕಷ್ಟ ಅಲ್ವಾ? ಸ್ವೆಟರ್ ಮರೀಬೇಡಿ. ಯಾವ ದಿನ ಯಾರ ಕಛೇರಿ ಅಂತ ಆಹ್ವಾನ ಪತ್ರಿಕೆ ನೋಡಿಯೇ ಹೊರಡಿ.